ಕೋಲಕ್ಕ ಒಪ್ಪದೆ ಯಾರೂ ಟ್ರೆಂಚಿಗೆ ಇಳಿಯುವಂತಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲದ ಅಂಚಿನಲ್ಲಿ ನೀರಾವರಿ ಪೈಪುಗಳ ರಾಶಿ ಇಬ್ಬನಿಗೆ ಒದ್ದೆಯಾಗಿ ಬಿದ್ದಿದೆ. ಪಕ್ಕದಲ್ಲೇ, ಅವನ್ನು ಹೂಳಲು ನಿನ್ನೆ ಸಂಜೆ ಜೆಸಿಬಿ ತೋಡಿಟ್ಟ ಉದ್ದನೆಯ ಗುಂಡಿ. ಕೆಲಸದವರ ಬಾಯಲ್ಲಿ ಅದು ಟ್ರೆಂಚು. ನಲವತ್ತೆಂಟರ ಮಹಿಳೆಯೊಬ್ಬರು ದಡದ ಹಲಗೆಯ ಮೇಲೆ ಮಂಡಿಯೂರಿ, ಗೆರೆ ಎಳೆದ ಕೋಲೊಂದನ್ನು ಒಳಗೆ ಇಳಿಬಿಡುತ್ತಾರೆ. ಕೆಂಪು ಗೆರೆ ಮುಳುಗುತ್ತದೆ.

"ಎದೆಮಟ್ಟ ದಾಟಿದೆ. ಎರಡೂ ಕಡೆ ಹಲಗೆ ಕೊಟ್ಟು ಬಿಗಿ ಮಾಡಿ. ಆಮೇಲೆ ಇಳೀರಿ," ಎನ್ನುತ್ತಾರೆ. ಬೀಡಿ ಹಚ್ಚಿದ್ದವರು ಆರಿಸಿ ಏಳುತ್ತಾರೆ. ಎದುರಾಡುವವರಿಲ್ಲ.

ಕಂಟ್ರಾಕ್ಟರರ ಕಾಗದದಲ್ಲಿ ಇವರು ಹಾಜರಿ ಗುಮಾಸ್ತೆ. ಉಳಿದವರಿಗೆಲ್ಲ ಕೋಲಕ್ಕ. ಗುಂಡಿ ನೋಡಿದ ಮೇಲೆ ಇವರಿಗೆ ಇನ್ನೊಂದು ಕೆಲಸವಿದೆ. ಯಾರು ಬಂದಿದ್ದಾರೆ, ಇವತ್ತು ನಿಜವಾಗಿ ಏನು ಮಾಡುತ್ತಾರೆ ಎಂದು ಬರೆದು, ಏಳು ಗಂಟೆಯೊಳಗೆ ವಿಮೆ ಕಚೇರಿಗೆ ಕಳಿಸಬೇಕು. ಇವತ್ತು ಇಪ್ಪತ್ಮೂರು ಹೆಸರು. ಅದರಲ್ಲಿ ಆರು ಮಂದಿಯ ಮುಂದೆ 'ಟ್ರೆಂಚಿನೊಳಗೆ ಪೈಪ್ ಜೋಡಣೆ' ಎಂದಿದೆ. ಬರೀ 'ಕೂಲಿ' ಎಂದು ಇವರು ಯಾರಿಗೂ ಬರೆಯುವುದಿಲ್ಲ.

ಅದಕ್ಕೆ ಕಾರಣ ಮನೆಯಲ್ಲೇ ಇದೆ. ಹನ್ನೊಂದು ವರ್ಷದ ಹಿಂದೆ ಇವರ ಗಂಡ ಪೈಪ್ ಜೋಡಿಸುತ್ತಿದ್ದಾಗ ಟ್ರೆಂಚಿನ ಗೋಡೆ ಕುಸಿಯಿತು. ಜೊತೆಯವರು ಕೈಯಲ್ಲೇ ಮಣ್ಣು ಬಗೆದು ಎಳೆದರು. ಜೀವ ಉಳಿಯಿತು, ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗಿನ ಕಂಟ್ರಾಕ್ಟರ್ ವಿಮೆ ಮಾಡಿಸಿದ್ದರು ನಿಜ. ಆದರೆ ಕಂತು ಕಡಿಮೆಯಾಗಲೆಂದು ಎಲ್ಲರನ್ನೂ ತೋಟದ ಕೆಲಸದವರೆಂದು ತೋರಿಸಿದ್ದರು.

"'ನಿಮ್ಮ ಯಜಮಾನ್ರು ಗಿಡಕ್ಕೆ ನೀರು ಹಾಕೋರು ಅಂತಿದೆಯಲ್ಲಮ್ಮ, ಅಷ್ಟು ಆಳದ ಗುಂಡೀಲಿ ಏನು ಮಾಡ್ತಿದ್ರು?' ಅಂತ ವಿಮೆಯವರು ಕೇಳಿದ್ರು. ನಂಗೆ ಅಳೂನೂ ಬರ್ಲಿಲ್ಲ, ನಗೂನೂ ಬರ್ಲಿಲ್ಲ."

ಅರ್ಜಿ ತಿರಸ್ಕೃತವಾಯಿತು. ಎರಡೂವರೆ ವರ್ಷ ಕಾರ್ಮಿಕ ಕಚೇರಿಗೆ ಅಲೆದರು. ಸಾಕ್ಷಿ ಬೇಕಿತ್ತು. ಮಣ್ಣು ಬಗೆದವರಿಗೂ ಹೊಟ್ಟೆಪಾಡಿನ ಭಯ. ಕೊನೆಗೆ ಬಂದವರು ಆ ತಂಡದ ಮೇಸ್ತ್ರಿ. ಅಧಿಕಾರಿಯ ಮುಂದೆ ನಿಂತು, "ಅವನನ್ನ ಇಳಿಸಿದ್ದು ನಾನೇ. ಹಲಗೆ ಕೊಡಿಸ್ಲಿಲ್ಲ, ತಪ್ಪು ನಂದು," ಎಂದರು. ಪರಿಹಾರ ಮಂಜೂರಾಯಿತು. ಮೇಸ್ತ್ರಿಯನ್ನು ಮಾತ್ರ ಆ ಕಂಟ್ರಾಕ್ಟರ್ ಮತ್ತೆ ಕರೆಯಲಿಲ್ಲ.

"ಆರ್ಡರ್ ಕೈಗೆ ಬಂದ ದಿನ ಅವರ ಮನೆಗೆ ಹೋದೆ. 'ಅವನು ಹೇಗಿದಾನೆ' ಅಂತ ಕೇಳಿದ್ರು. ತಮ್ಮ ಕೆಲಸದ ಮಾತೇ ಎತ್ಲಿಲ್ಲ," ಎಂದು ಹೇಳುವಾಗ ಕೋಲಕ್ಕ ಪಟ್ಟಿಯ ಮೇಲಿಂದ ಕಣ್ಣೆತ್ತುವುದಿಲ್ಲ.

ಈ ಕಥೆ ಕಿವಿಯಿಂದ ಕಿವಿಗೆ ಬಿದ್ದು ಈಗಿನ ಕಂಟ್ರಾಕ್ಟರ್‌ವರೆಗೆ ಹೋಯಿತು. "ಅಷ್ಟು ಕಾಡೋ ಹೆಂಗಸು ಎದುರು ಪಾರ್ಟೀಲಿ ಇರೋದಕ್ಕಿಂತ ನಮ್ಮ ಕಡೆ ಇರ್ಲಿ ಅಂತ ಕರೆದೆ. ಈಗ ನನ್ನೇ ಕಾಡ್ತಾರೆ," ಎಂದು ಅವರು ನಗುತ್ತಾರೆ.

ಕಳೆದ ಮಳೆಗಾಲದಲ್ಲಿ ಅವರು ನಕ್ಕಿರಲಿಲ್ಲ. ಹಿಂದಿನ ದಿನ ಮಳೆ ಸುರಿದಿತ್ತು, ಕೆಲಸ ತಡವಾಗಿತ್ತು, ಹಲಗೆಗಳೆಲ್ಲ ಬೇರೆ ಸೈಟಿನಲ್ಲಿದ್ದವು. "ಒಂದೇ ಜೋಡಣೆ, ಹತ್ತು ನಿಮಿಷ," ಎಂದು ಇಬ್ಬರನ್ನು ಇಳಿಯಹೇಳಿದರು. ದಡದಲ್ಲಿ ಬೆರಳು ತೂರುವಷ್ಟು ಬಿರುಕು ಕೋಲಕ್ಕನ ಕಣ್ಣಿಗೆ ಬಿತ್ತು. ಏಣಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆಳೆದರು. ಆಮೇಲೆ ಅದರ ಮೇಲೆಯೇ ಕುಳಿತರು.

"ಏಳಿ ಅಲ್ಲಿಂದ."

"ಹಲಗೆ ಬರ್ಲಿ ಸಾರ್, ಏಳ್ತೀನಿ."

"ನಾಳೆಯಿಂದ ಬರಬೇಡಿ ಹಾಗಾದ್ರೆ."

"ನಾಳೆ ಮಾತು ನಾಳೆಗೆ. ಇವತ್ತಿನ ಹಾಜರಿ ನಾನೇ ಬರ್ದಿರೋದು, ಸಂಜೆವರೆಗೂ ಇವರು ನನ್ನ ಲೆಕ್ಕ."

ಎರಡು ಗಂಟೆ ಹಾಗೇ ಕುಳಿತಿದ್ದರು. ಒಳಗೊಳಗೇ ಹೆದರಿಕೆಯಿತ್ತು, ಮನೆ ನಡೆಯುವುದು ಇದೊಂದೇ ಸಂಬಳದಿಂದ. ಹಲಗೆ ಹೊತ್ತ ಗಾಡಿ ಬರುವ ಮೊದಲೇ, ಇಪ್ಪತ್ತು ಅಡಿ ಉದ್ದದ ಮಣ್ಣು ಧೊಪ್ಪೆಂದು ಒಳಗೆ ಜಾರಿತು. ಇಳಿಯಬೇಕಿದ್ದ ಇಬ್ಬರು ದಡದಿಂದ ಹಿಂದೆ ಸರಿದರು. ಕಂಟ್ರಾಕ್ಟರ್ ಒಂದು ಬಾಟಲಿ ನೀರು ಕುಡಿದು ಕಾರು ಹತ್ತಿದರು. ಮಾರನೆಯ ದಿನ ಆ ಸೈಟಿಗೆಂದೇ ಒಂದು ಲೋಡು ಹೊಸ ಹಲಗೆ ಬಂತು. ಕೋಲಕ್ಕನೂ ಎಂದಿನಂತೆ ಬಂದು ಹಾಜರಿ ಬರೆದರು.

ಮನೆಯಲ್ಲಿ ಗಂಡ ಗಾಲಿಕುರ್ಚಿಯಲ್ಲಿ ಕುಳಿತು ಕೆಟ್ಟ ಪಂಪುಗಳನ್ನು ರಿಪೇರಿ ಮಾಡುತ್ತಾರೆ. ಅವರಿಗೂ ದೂರಿದೆ. "ಮನೇಲೂ ಬಿಡಲ್ಲ ಇವಳು. ಮೊನ್ನೆ ಮಗಳು ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೆ, ಹಿಡ್ಕೊಳ್ಳೋರು ಯಾರು ಅಂತ ದೊಡ್ಡ ವಿಚಾರಣೆ."

ಈ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಕೋಲಕ್ಕ ತುಂಬಿದ ಪರಿಹಾರದ ಅರ್ಜಿಗಳು ಎರಡೇ. ಒಂದು ಜಜ್ಜಿದ ಬೆರಳಿಗೆ, ಇನ್ನೊಂದು ಮುರಿದ ಹಿಮ್ಮಡಿಗೆ. ಎರಡೂ ಒಂದೇ ಸಲಕ್ಕೆ ಮಂಜೂರಾದವು. ಏನಾದರೂ ಆಸೆ ಇದೆಯೇ ಎಂದರೆ, ಅರ್ಜಿಯ ಮಾತಿಗೇ ಬರುತ್ತಾರೆ.

"ಆ ಅರ್ಜಿ ಏಳು ಪುಟ ಇದೆ. ಈಗ ಕಣ್ಣುಮುಚ್ಚಿ ತುಂಬ್ತೀನಿ. ಯಾವತ್ತಾದ್ರೂ ಒಂದಿನ ಅದನ್ನ ಕೈಗೆ ತಗೊಂಡ್ರೆ, ಇದನ್ನ ಹೇಗಪ್ಪ ತುಂಬೋದು ಅಂತ ನಂಗೆ ಮರೆತೇ ಹೋಗಿರ್ಬೇಕು. ಅಷ್ಟಾದ್ರೆ ಸಾಕು."