ನಗಬೇಡಪ್ಪನ ಹೆಂಡತಿಯ ಫೋಟೋ

ಬೀದಿಯ ಜನ ಅವನಿಗೆ ಇಟ್ಟ ಹೆಸರು ನಗಬೇಡಪ್ಪ. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವುದು ಅವನ ಕಸುಬು. ಸ್ಟೂಲಿನ ಮೇಲೆ ಕೂತವರಿಗೆ ಅವನು ಕೊಡುವ ಅಪ್ಪಣೆ ಎಂದೂ ಬದಲಾದದ್ದಿಲ್ಲ: "ಗಲ್ಲ ಎತ್ತಿ, ಕಿವಿ ಕಾಣಲಿ, ನಗಬೇಡಿ." ಸರ್ಕಾರಕ್ಕೆ ಹಲ್ಲು ಕಂಡರೆ ಆಗುವುದಿಲ್ಲ, ಸರ್ಕಾರಕ್ಕಾಗದ್ದು ಇವನಿಗೂ ಆಗುವುದಿಲ್ಲ. ಹೊಸ ಮದುಮಗ ಬಂದರೂ ಅಷ್ಟೇ, ಲಾಟರಿ ಹೊಡೆದವನು ಬಂದರೂ ಅಷ್ಟೇ, ಎಲ್ಲರೂ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ ಹೊತ್ತುಕೊಂಡೇ ಹೊರಗೆ ಹೋಗುತ್ತಿದ್ದರು. ಯಾರಾದರೂ ಗೊಣಗಿದರೆ, "ಇರೋ ಮುಖಾನೇ ತಾನೇ ಬರೋದು?" ಎಂದು ಸಮಾಧಾನ ಹೇಳುವಷ್ಟು ದೊಡ್ಡ ಮನಸ್ಸು ಅವನದು.

ಇಂಥ ಮಹಾನುಭಾವನಿಗೆ ತಕ್ಕ ಭಾಮೈದನೂ ಇದ್ದ, ಹೆಂಡತಿಯ ತಮ್ಮ. ಅವನು ಯಾವುದೋ ಶಿಬಿರದಲ್ಲಿ ಎರಡೇ ದಿನ ಕಣ್ಣು ಮುಚ್ಚಿ ಕೂತು, ಬದುಕಿನ ಸಣ್ಣಪುಟ್ಟ ಕ್ಷಣಗಳಲ್ಲಿ ಸೊಬಗು ಕಾಣುವ ವಿದ್ಯೆ ಕಲಿತು ಬಂದಿದ್ದ. ಕಲಿತವನು ಸುಮ್ಮನಿರಬೇಕಲ್ಲ. ಬೆಳಗಾದರೆ ಅಕ್ಕನ ಮನೆಗೆ ಬಂದು, ಅಕ್ಕ ಕಾಸಿದ ಚಹಾ ಹೀರುತ್ತ, "ಭಾವಾ, ಈ ಹಬೆ ನೋಡಿ, ಹ್ಯಾಗೆ ಸುರುಳಿ ಸುತ್ತುತ್ತೆ!" ಎನ್ನುತ್ತಿದ್ದ. ಲೋಟ ತೊಳೆಯುವುದರಲ್ಲೂ ಸೊಬಗಿದೆಯೆಂದು ಶಿಬಿರದಲ್ಲಿ ಹೇಳಿಕೊಟ್ಟಿರಲಿಲ್ಲವೇನೋ, ಅದನ್ನು ಅಕ್ಕನ ಪಾಲಿಗೇ ಬಿಟ್ಟಿದ್ದ.

"ಹಬೆ ತಾಗಿದ್ರೆ ಲೆನ್ಸ್ ಮಂಜಾಗುತ್ತೆ. ನಂಗೊತ್ತಿರೋದು ಅಷ್ಟೇ," ಎನ್ನುತ್ತಿದ್ದ ನಗಬೇಡಪ್ಪ.

ಹೀಗಿರುವಾಗ ಹೆಂಡತಿಯ ಎಡಗಿವಿಯ ಕೆಳಗೆ ಒಂದು ಗಂಟು ಕಾಣಿಸಿಕೊಂಡಿತು. ಕಂಡವನು ಗಂಡನಲ್ಲ, ಕನ್ನಡಿಯಲ್ಲಿ ಅವಳೇ ಕಂಡುಕೊಂಡಳು. ಊರವರ ಕಿವಿ ಕಾಣುತ್ತದೋ ಇಲ್ಲವೋ ಎಂದು ದಿನವಿಡೀ ಬಗ್ಗಿ ಬಗ್ಗಿ ನೋಡುವವನಿಗೆ ಮನೆಯಾಕೆಯ ಕಿವಿ ಕಂಡಿರಲಿಲ್ಲ. ಗಂಟು ಕೆಟ್ಟದ್ದೇನಲ್ಲ ಎಂದರು ಡಾಕ್ಟರು. ಆದರೆ ಅದನ್ನು ತೆಗೆಯುವಾಗ ಪಕ್ಕದ ನರಕ್ಕೆ ಪೆಟ್ಟಾದರೆ ಬಾಯಿಯ ಎಡಭಾಗ ಮತ್ತೆ ಮೇಲೇಳದೆ ಹೋಗಬಹುದು ಎಂದೂ ಹೇಳಿದರು.

ಅಂದು ಸಂಜೆ ಅವಳು ಬೀರುವಿನಿಂದ ತನ್ನ ಫೋಟೋಗಳನ್ನೆಲ್ಲ ತೆಗೆದು ಮಂಚದ ಮೇಲೆ ಹರವಿದಳು. ಗುರುತಿನ ಚೀಟಿಯದು, ಬ್ಯಾಂಕಿನದು, ಮದುವೆಯದು. ಮದುವೆಯ ಫೋಟೋವನ್ನೂ ಇವನೇ ಟೈಮರ್ ಇಟ್ಟು, ಓಡಿಬಂದು ಪಕ್ಕದಲ್ಲಿ ನಿಂತು ತೆಗೆದದ್ದು. ಅದರಲ್ಲಿ ಗಂಡಹೆಂಡಿರಿಬ್ಬರೂ ಯಾವುದೋ ಕಚೇರಿಗೆ ಅರ್ಜಿ ಕೊಡಲು ಬಂದವರಂತೆ ನಿಂತಿದ್ದರು.

"ರೀ, ಒಂದರಲ್ಲಾದ್ರೂ ನಾನು ನಕ್ಕಿದೀನಾ?"

ಅವನು ಹುಡುಕಿದ. ಒಂದೂ ಇರಲಿಲ್ಲ.

"ಆಪರೇಷನ್‌ಗೆ ಮುಂಚೆ ಒಂದು ತೆಗೀರಿ. ಆಮೇಲೆ ಹ್ಯಾಗಾಗುತ್ತೋ ಏನೋ. ನನ್ನ ನಗು ಹ್ಯಾಗಿತ್ತು ಅಂತ ನಂಗಾದ್ರೂ ಗೊತ್ತಿರಬೇಕಲ್ಲ." ಅವನಿಗೆ ನಿಜವಾಗಿ ಹೆದರಿಕೆಯಾಯಿತು.

ಆಸ್ಪತ್ರೆ ಸೇರುವ ಹಿಂದಿನ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು, ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ. ಕರೆಯದಿದ್ದರೂ ಭಾಮೈದ ಬಂದು ಕ್ಯಾಮೆರಾದ ಪಕ್ಕದಲ್ಲಿ ನಿಂತ.

"ಗಲ್ಲ ಎತ್ತು, ಕಿವಿ ಕಾಣಲಿ, ನಗಬೇಡ," ಎಂದಿತು ನಗಬೇಡಪ್ಪನ ಬಾಯಿ, ಯಜಮಾನನನ್ನು ಕೇಳದೆ.

ಅವಳು ದುರುಗುಟ್ಟಿ ನೋಡಿದಳು. ಆ ಫೋಟೋ ಬಲು ಚೆನ್ನಾಗಿ ಬಂತು.

"ಅಲ್ಲಲ್ಲ, ನಗು, ನಗು."

ನಕ್ಕಳು. ಹಲ್ಲುನೋವಿದ್ದವರ ನಗುವೂ ಅದಕ್ಕಿಂತ ವಾಸಿ.

"ಅಕ್ಕಾ, ಈ ಕ್ಷಣದಲ್ಲಿರು. ನಿನ್ನೊಳಗೆ ಒಂದು ಹೂವು ಅರಳ್ತಾ ಇದೆ ಅಂದ್ಕೋ," ಎಂದ ತಮ್ಮ.

"ನನ್ನೊಳಗೆ ಅರಳ್ತಾ ಇರೋದು ಗಂಟು ಕಣೋ," ಎಂದಳು. ಹೇಳಿದ ಮೇಲೆ ಅವಳ ಕಣ್ಣು ತುಂಬಿತು.

ಶಿಬಿರದ ಮಾನ ಉಳಿಸುವ ಹೊಣೆ ಈಗ ತಮ್ಮನ ಮೇಲೆ ಬಿತ್ತು. "ಹೀಗೆ ನೋಡು," ಎಂದು ಕಣ್ಣು ಮುಚ್ಚಿದ. ಎರಡೂ ಕೈ ಚಾಚಿ ಉದ್ದಕ್ಕೆ ಉಸಿರೆಳೆದುಕೊಂಡ. ಒಂದು ಹೆಜ್ಜೆ ಹಿಂದಿಟ್ಟ. ಕಾಲಿಗೆ ವೈರು ಸಿಕ್ಕಿತು, ದೀಪದ ದೊಡ್ಡ ಬಿಳಿ ಛತ್ರಿ ಅವನ ತಲೆಯ ಮೇಲೆ ಬಂದು ಕವುಚಿಕೊಂಡಿತು, ಆಸಾಮಿ ನಿಂತಲ್ಲೇ ಕುಸಿದು ಕೂತ. ಛತ್ರಿಯೊಳಗಿಂದ ದನಿ ಬಂತು: "ಏನಿಲ್ಲ, ಏನಿಲ್ಲ. ಇದೂ ಒಂದು ಕ್ಷಣಾನೇ."

ಅವಳು ನಕ್ಕಳು. ಸ್ಟೂಲು ಅಲುಗಾಡುವಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಸ್ತಾಗಿ, ಕಣ್ಣೊರೆಸಿಕೊಂಡು, "ಬಂತೇನ್ರೀ?" ಎಂದು ಕೇಳಿದಳು.

ನಗಬೇಡಪ್ಪನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಿರಲಿಲ್ಲ.

"ಯಾಕ್ರೀ?"

"ನೋಡ್ತಾ ನಿಂತುಬಿಟ್ಟೆ."

ಕಸುಬುದಾರ ಎಂಬ ಹೆಸರು ಹೀಗೆ ಮಣ್ಣುಪಾಲಾಯಿತು. ಮತ್ತೆ ಎಷ್ಟು ಪ್ರಯತ್ನಪಟ್ಟರೂ ಅವಳಿಗೆ ನಗು ಬರಲಿಲ್ಲ. ಭಾಮೈದ ಉಪಕಾರಕ್ಕೆಂದು ಇನ್ನೊಮ್ಮೆ ಬಿದ್ದ; ಬೇಕೆಂದೇ ಬಿದ್ದವನನ್ನು ನೋಡಿ ಯಾರು ನಗುತ್ತಾರೆ? ನಗಬೇಡಪ್ಪ ಕ್ಯಾಮೆರಾ ಬಿಟ್ಟು ಬಂದು ಅವಳ ಮುಂದೆ ನೆಲದ ಮೇಲೆ ಕೂತ. ಅವನಿಗೆ ಅಳು ಬಂದಿತ್ತು.

"ನನ್ನ ಕೈಲಿ ಆಗ್ಲಿಲ್ಲ ಕಣೇ."

ಅವಳು ಸೆರಗಿನಿಂದ ಅವನ ಕಣ್ಣೊರೆಸಿದಳು. ಆಮೇಲೆ, "ಹ್ಯಾಗಿತ್ತು?" ಎಂದಳು.

"ಏನು?"

"ನಕ್ಕಿದ್ದು, ರೀ."

ಅವನು ಯೋಚಿಸಿ ಯೋಚಿಸಿ ಹೇಳಿದ. "ಮೊದಲು ಎಡಗಡೆ ತುಟಿ ಏಳುತ್ತೆ. ಬಲಗಡೇದು, ಏಳ್ಲೋ ಬೇಡ್ವೋ ಅಂತ ಸ್ವಲ್ಪ ತಡೆದು ಏಳುತ್ತೆ. ಅಷ್ಟರಲ್ಲಿ ಕಣ್ಣು ಮುಚ್ಚೇ ಹೋಗುತ್ತೆ. ಮೂಗಿನ ಮೇಲೆ ಇಲ್ಲೊಂದು ಗೆರೆ ಬೀಳುತ್ತೆ." ಎಲ್ಲಿ ಎಂದು ತನ್ನ ಮೂಗನ್ನೇ ಮುಟ್ಟಿ ತೋರಿಸಿದ.

ಅವಳು ತನ್ನ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

"ಮರೀಬೇಡಿ," ಎಂದಳು. "ಬ್ಯಾಂಡೇಜ್ ಬಿಚ್ಚಿದ ಮೇಲೆ ಮತ್ತೆ ಕೇಳ್ತೀನಿ."