ಅರ್ಧವಿರಾಮದ ಸಾಲುಗಳು

ಮಾರಿಕಣಿವೆಯಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ಬರೆದಿಡುವುದು ನನ್ನ ಕೆಲಸವಾಗಿತ್ತು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಒಂದೇ ಪುಸ್ತಕದಲ್ಲಿ. ಎರಡನೇ ಪ್ರತಿ ಇಟ್ಟರೆ ತಪ್ಪು ಅಲ್ಲೇ ಶುರುವಾಗುತ್ತದೆ ಎಂದು ಮೇಲಿನವರು ಕಲಿಸಿದ್ದರು. ನಿವೃತ್ತಿಯಾಗಿ ಹಿರೇಗುಂಟನೂರಿನ ಕಡೆಯ ನಮ್ಮ ಊರಿಗೆ ಬಂದ ಮೇಲೂ ಆ ಕ್ರಮ ಬಿಡಲಿಲ್ಲ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತದ್ದೂ ಹಾಗೆಯೇ: ದಿನಕ್ಕೆ ಒಂದು ಗಂಟೆ, ಭಾನುವಾರ ರಜೆ.

ಕಲಿತದ್ದು ಉಪಯೋಗಕ್ಕೆ ಬರಬೇಕಲ್ಲ. ಊರಿನಲ್ಲಿ ಒಂಬತ್ತು ವಾಲ್ವ್‌ಗಳು, ಕೇರಿಗೊಂದು. ಯಾವ ಕೇರಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ಜನರ ಫೋನಿಗೆ ತಿಳಿಸುವ ಸಣ್ಣ ಪ್ರೋಗ್ರಾಮ್ ಬರೆದೆ. ವೇಳೆಗಳೆಲ್ಲ ಪ್ರೋಗ್ರಾಮ್ ಓದಿಕೊಳ್ಳುವ ಒಂದು ಐಎನ್‌ಐ ಕಡತದಲ್ಲಿದ್ದವು. ಚೌಕ ಕಂಸದೊಳಗೆ ಕೇರಿಯ ಹೆಸರು, ಅದರ ಕೆಳಗೆ 'ಆರಂಭ = 6:30', 'ಮುಕ್ತಾಯ = 7:15'. ನೋಡಿದ ಕೂಡಲೇ ಅರ್ಥವಾಗುವ ಆ ಶಿಸ್ತು ನನಗೆ ಹಿಡಿಸಿತು. ಅರ್ಧವಿರಾಮದಿಂದ (;) ಶುರುವಾಗುವ ಸಾಲನ್ನು ಯಂತ್ರ ಓದದೆ ಬಿಡುತ್ತದೆ. ಅದು ಮನುಷ್ಯರಿಗಾಗಿ ಬರೆದ ಟಿಪ್ಪಣಿ.

ಆ ಟಿಪ್ಪಣಿಗಳು ನಮ್ಮ ನೀರುಗಂಟಿಯವು. ಊರಿಗೆ ನೀರು ಬಿಡುವವರು ಅವರು. ನನಗಿಂತ ಹಿರಿಯರು, ಅಣ್ಣ ಎನ್ನುತ್ತೇನೆ. ಓದುಬರಹ ಇಲ್ಲ, ಇತ್ತೀಚೆಗೆ ಮರೆವು ಬೇರೆ ಶುರುವಾಗಿತ್ತು. ಮುಂದೆ ಆ ಕೆಲಸ ಅವರ ಸೊಸೆಯದು. ಅದಕ್ಕೇ ಹನ್ನೊಂದು ಸಂಜೆ ಅವರನ್ನು ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿ ಬರೆದುಕೊಂಡೆ: ಯಾವ ವಾಲ್ವ್‌ಗೆ ಎಷ್ಟು ಸುತ್ತು, ಎಲ್ಲಿ ಅವಸರಪಟ್ಟರೆ ಪೈಪು ಒಡೆಯುತ್ತದೆ, ಎಲ್ಲಿ ಗಾಳಿ ಕಟ್ಟಿಕೊಳ್ಳುತ್ತದೆ. ಎಲ್ಲವನ್ನೂ ಅರ್ಧವಿರಾಮ ಹಾಕಿ ಕಡತಕ್ಕೆ ಏರಿಸಿ ಕಾಗದ ಹರಿದು ಹಾಕಿದೆ.

ಕೆಲವು ತಿಂಗಳು ಪ್ರೋಗ್ರಾಮ್ ಆ ಕಡತವನ್ನು ಓದುತ್ತಿತ್ತು, ಅಷ್ಟೇ. ಒಂದಕ್ಷರ ಹಾಳಾಗಲಿಲ್ಲ. ವೇಳೆಯನ್ನು ಸೊಸೆಯೇ ಬದಲಿಸುವಂತಿರಲಿ ಎಂದು ಒಂದು ಮಂಗಳವಾರ, ಕಡತಕ್ಕೆ ಬರೆಯುವ ಎರಡು ಸಾಲನ್ನೂ ಪ್ರೋಗ್ರಾಮಿಗೆ ಸೇರಿಸಿದೆ. ಒಂದು ಕೇರಿಯ ಆರೂವರೆಯನ್ನು ಏಳು ಮಾಡಿ, ಕಡತ ತೆರೆದು ನೋಡಿದೆ. ಏಳು ಎಂದಿತ್ತು. ಟಿಪ್ಪಣಿಗಳು ಇರಲಿಲ್ಲ. ಒಂದೂ ಇರಲಿಲ್ಲ.

ಬೇರೆ ಕಡತ ತೆರೆದೆನೇನೋ ಎಂದು ಮುಚ್ಚಿ ಮತ್ತೆ ತೆರೆದೆ. ಯಂತ್ರ ಹಳೆಯ ಕಡತವನ್ನು ತಿದ್ದುವುದಿಲ್ಲ, ತಾನು ಓದಿಕೊಂಡದ್ದನ್ನಷ್ಟೇ ಹೊಸದಾಗಿ ಬರೆಯುತ್ತದೆ ಎಂಬುದು ಆಗ ತಿಳಿಯಿತು. ಇದನ್ನು ಓದಬೇಡ ಎಂದು ಪ್ರತಿ ಸಾಲಿಗೂ ಗುರುತು ಹಾಕಿದವನು ನಾನೇ. ನೆನಪು ಮಾಡಿಕೊಳ್ಳಲು ಕೂತರೆ ಎರಡೋ ಮೂರೋ ಬಂದವು. ಬರೆದಿಟ್ಟದ್ದನ್ನು ನೆನಪಿಡುವ ಅಭ್ಯಾಸ ನನಗಿಲ್ಲ.

ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೋಗಿ ಆದದ್ದನ್ನು ಹೇಳಿದೆ. ಸೊಸೆ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಹನ್ನೊಂದ್ ದಿನ ನಮ್ಮಾವ ನಿಮ್ಮನೇಲಿ ಟೀ ಕುಡಿದಿದ್ದೇ ಲಾಭ ಬಿಡ್ರಿ" ಎಂದಳು.

ಅಣ್ಣ ಹಣೆ ಉಜ್ಜಿಕೊಂಡರು. ಮೊದಲನೇ ವಾಲ್ವ್‌ನ ಸುತ್ತು ಎಷ್ಟೆಂದು ಕೇಳಿದೆ. ಹೊಳೆಯಲಿಲ್ಲ. ಕೆಲವೇ ತಿಂಗಳ ಹಿಂದೆ ನಿಲ್ಲಿಸದೆ ಹೇಳಿದ್ದರು.

"ಕುಂತ್ಕಂಡು ಕೇಳಿದ್ರೆ ಬರಲ್ಲ ಸಾರ್. ಬರ್ರಿ, ವಾಲ್ ಹತ್ರಾನೇ ಹೋಗಾಣ."

ಮೂವರೂ ಹೊರಟೆವು. ಕಬ್ಬಿಣದ ಚಾವಿ ಕೂತ ಕೂಡಲೇ ಅವರ ಕೈಗಳು ತಾವೇ ನಡೆದವು: ಎರಡು ಸುತ್ತು, ತಡೆದು, ಇನ್ನರ್ಧ. ಸೊಸೆ ಅವರ ಕೈ ಮೇಲೆ ಕೈಯಿಟ್ಟು ಎಣಿಸಿದಳು, ನಾನು ಬರೆದುಕೊಂಡೆ. ಎಂಟು ವಾಲ್ವ್ ಹೀಗೆ ಮುಗಿದವು. ನನಗೂ ಹೋದ ಜೀವ ಬಂದಂತಾಯಿತು.

ಒಂಬತ್ತನೆಯದಕ್ಕೆ ಚಾವಿ ಹಾಕಿ ನಿಂತುಬಿಟ್ಟರು. ಕೈ ಅಲುಗಲಿಲ್ಲ. ನನ್ನ ಕಡೆ ತಿರುಗಿದರು.

"ಇದು ಯಾರ ಕೇರಿದು ಸಾರ್?"

ಅದು ಅವರದೇ ಕೇರಿ. ಅವರ ಮನೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಸೊಸೆ ಮುಂದೆ ಬಂದು ಅವರ ಕೈಯಿಂದ ಚಾವಿ ತೆಗೆದುಕೊಂಡಳು.

"ನಮ್ದೇ ಮಾವ. ಬಿಡ್ರಿ, ನಾನು ತಿರುಗಿಸ್ತೀನಿ."

ಈಗ ಪ್ರತಿ ಕೇರಿಯ ಕೆಳಗೂ, ಅರ್ಧವಿರಾಮವಿಲ್ಲದೆ, ಟಿಪ್ಪಣಿ ಎಂದೇ ಒಂದು ಸಾಲು ಮಾಡಿದ್ದೇನೆ. ಅದನ್ನು ಯಂತ್ರ ಓದಲೇಬೇಕು, ಓದಿದ್ದನ್ನು ಬರೆಯಲೇಬೇಕು. ಎಂಟು ಕೇರಿಗಳಿಗೆ ಸುತ್ತಿನ ಲೆಕ್ಕ ಇದೆ. ಅವರ ಕೇರಿಗೆ ಹೀಗೆ ಬರೆದಿದ್ದೇನೆ: 'ಟಿಪ್ಪಣಿ = ಎಷ್ಟು ಸುತ್ತು ಗೊತ್ತಿಲ್ಲ. ನಿಧಾನವಾಗಿ ತಿರುಗಿಸಿ.'