ಹಸಿರು ಪುಡಿಗೆ ಬೋರಿನ ನೀರು

ಎಂಟು ತಿಂಗಳು. ಕಾಲೇಜಿನ ಬೋರಿನ ನೀರಿಗೆ ನಾನು ತೆತ್ತ ಬೆಲೆ ಅದು. ಯಾಕೆಂದರೆ ನೀರು ಪುಕ್ಕಟೆ ಬರುತ್ತಿತ್ತು.

ನಾನು ವಿಜಯಪುರ ಜಿಲ್ಲೆಯ ಇಂಡಿ ಊರಿನವಳು. ಸಂತೆಯಲ್ಲಿ ಅಪ್ಪನ ಪಕ್ಕ ಲಿಂಬೆಹಣ್ಣಿನ ರಾಶಿಯ ಮುಂದೆ ಕೂತು ಚೌಕಾಸಿ ಕಲಿತೆ. ಹೇಳಿದ ದರಕ್ಕೆ ಏನನ್ನಾದರೂ ಕೊಂಡರೆ ಇಂದಿಗೂ ಊಟ ರುಚಿಸುವುದಿಲ್ಲ. ಸಿಂದಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ.ಗೆ ನೋಂದಾಯಿಸಿಕೊಂಡೆ. ವಿಷಯ, ವಿದ್ಯುತ್ ಹರಿಸುವ ಪಾಲಿಮರು. ಸಾಮಾನ್ಯ ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ, ಅದಕ್ಕೇ ತಂತಿಗೆ ಅದನ್ನು ಹೊದಿಸುತ್ತಾರೆ. ಆದರೆ ಅನಿಲೀನ್ ಎಂಬ ಎಣ್ಣೆಯಂಥ ದ್ರವವನ್ನು ಆಮ್ಲದಲ್ಲಿ ಬೆರೆಸಿ, ಮಂಜುಗಡ್ಡೆಯ ನಡುವೆ ಇಟ್ಟು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಕಡುಹಸಿರು ಪುಡಿ ತಳಕ್ಕೆ ಇಳಿಯುತ್ತದೆ. ಅದರಲ್ಲಿ ಕರೆಂಟು ಹರಿಯುತ್ತದೆ. ಪುಡಿಯನ್ನು ಏಳೆಂಟು ಸಲ ತೊಳೆದು, ಒಣಗಿಸಿ, ಬಿಲ್ಲೆ ಒತ್ತಿ ಅಳೆಯಬೇಕು.

ಅಳೆಯುವ ಯಂತ್ರ ಕಲಬುರಗಿಯಲ್ಲಿ, ನನ್ನ ಮಾರ್ಗದರ್ಶಕರ ಲ್ಯಾಬಿನಲ್ಲಿತ್ತು. ಮೊದಲ ಪುಡಿಯನ್ನು ಅಲ್ಲೇ ಮಾಡಿದೆ. ಕರೆಂಟು ಚೆನ್ನಾಗಿ ಹರಿಯಿತು. ಆಮೇಲೆ ಸಿಂದಗಿಯಲ್ಲಿ ಮಾಡಿ ಬಸ್ಸಿನಲ್ಲಿ ಒಯ್ದದ್ದೆಲ್ಲ ಸತ್ತ ಪುಡಿ. ಬಣ್ಣವೂ ನೀಲಿಗೆ ತಿರುಗಿರುತ್ತಿತ್ತು. ಮಂಜುಗಡ್ಡೆ ಸಾಲದು ಅಂದುಕೊಂಡು ಇಮ್ಮಡಿ ಸುರಿದೆ. ಅನಿಲೀನ್ ಹಳೆಯದಾಗಿರಬಹುದೆಂದು ಹೊಸದು ತರಿಸಿದೆ. ನೀರಿನ ಮೇಲೆ ಮಾತ್ರ ಸಂಶಯ ಬರಲಿಲ್ಲ. ನಮ್ಮ ಕಾಲೇಜಿನಲ್ಲಿ ನೀರು ಬಟ್ಟಿ ಇಳಿಸುವ ಯಂತ್ರದ ಕಾಯಿಲ್ ಸುಟ್ಟಿತ್ತು, ಡಿಸ್ಟಿಲ್ಡ್ ನೀರು ವಿಜಯಪುರದಿಂದ ಕ್ಯಾನಿನಲ್ಲಿ ಬರಬೇಕು. ನಾನು ನನ್ನೊಂದಿಗೇ ಚೌಕಾಸಿ ಮಾಡಿಕೊಂಡೆ: ಕೊನೆಯ ತೊಳೆತಕ್ಕಷ್ಟೇ ಕ್ಯಾನಿನ ನೀರು, ಉಳಿದದ್ದಕ್ಕೆಲ್ಲ ಬೋರು. ಹುಟ್ಟಿದಾಗಿನಿಂದ ಇಂಥದೇ ನೀರು ಕುಡಿದು ಬೆಳೆದವರು ನಾವು, ಅದು ಏನು ಮಾಡೀತು?

ಎಂಟನೆಯ ತಿಂಗಳು ಮಾರ್ಗದರ್ಶಕರು ಕೈಚೆಲ್ಲಿದರು. ಇನ್ನೊಂದು ತಿಂಗಳಲ್ಲಿ ಪುಡಿಯಲ್ಲಿ ಕರೆಂಟು ಹರಿಯದಿದ್ದರೆ ನೋಂದಣಿ ಬಿಟ್ಟುಕೊಡು, ಬೇರೆಯವರು ಕಾಯುತ್ತಿದ್ದಾರೆ ಎಂದರು. ನಾನು ಆರು ತಿಂಗಳು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಎರಡಕ್ಕ ಮುಗಿಸೂಣ್ರಿ ಸರ್," ಎಂದೆ. ಅವರು ನಕ್ಕು ಒಪ್ಪಿದರು.

ಮನೆಗೆ ಬಂದು ಪುಡಿಯ ಬಾಟಲಿಗಳನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ನನ್ನ ಅತ್ತೆ ಮೋರಟಗಿಯವರು. ಬೇಳೆ ಬೇಯಿಸಲಿಕ್ಕೆಂದೇ ತವರಿನ ಕಡೆಯಿಂದ ಕಾಲುವೆ ನೀರು ತರಿಸುವವರು. ಆಗಲೂ ತೊಗರಿಬೇಳೆ ತೊಳೆಯುತ್ತಿದ್ದರು. ಮುಖ ಯಾಕೆ ಸಪ್ಪಗಿದೆಯೆಂದು ಕೇಳಿದರು. ಕೆಲಸವನ್ನೆಲ್ಲ ಬಿಡಿಸಿ ಹೇಳಿದೆ.

"ಅದನ್ನ ಯಾವ ನೀರಾಗ ತೊಳಿತಿ?"

"ಕಾಲೇಜಿನ ಬೋರಿನ ನೀರಾಗ್ರಿ."

"ಆ ಸವುಳ ನೀರಾಗ ಬ್ಯಾಳಿನ ಬೇಯಂಗಿಲ್ಲ. ನಿನ್ನ ಪುಡಿ ಏನ ಬ್ಯಾಳಿಗಿಂತ ಗಟ್ಟಿ ಐತೇನ?"

ನಕ್ಕೆ. ಆಮೇಲೆ ನಗು ನಿಂತಿತು. ಸವುಳು ನೀರಿನ ಕ್ಷಾರವು ಆಮ್ಲವನ್ನು ಕಿತ್ತುಕೊಳ್ಳುತ್ತದೆ. ಈ ಪುಡಿಯಲ್ಲಿ ಆಮ್ಲ ಇಲ್ಲದಿದ್ದರೆ ಕರೆಂಟೂ ಇಲ್ಲ, ಹಸಿರೂ ಇಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಬೆಳಗಿನ ತನಕ ಕಾಯಲಾಗಲಿಲ್ಲ. ಚಿಟಿಕೆ ನೀಲಿ ಪುಡಿಯನ್ನು ಚಹಾ ಕಪ್ಪಿನ ಒಂದು ಬಸಿಗೆ ಸುರಿದು ಅರ್ಧ ಲಿಂಬೆಹಣ್ಣು ಹಿಂಡಿದೆ. ಅಂಚಿನಿಂದ ಒಳಕ್ಕೆ ನಿಧಾನವಾಗಿ ಹಸಿರಾಯಿತು. ಆ ಬಸಿಯನ್ನು ಅತ್ತೆ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಕೆಟ್ಟ ಪುಡಿಯನ್ನೂ ಎಸೆಯದೆ ಚೀಟಿ ಅಂಟಿಸಿ ಇಟ್ಟಿದ್ದೆ. ಎಲ್ಲವನ್ನೂ ತೆಳು ಆಮ್ಲದಲ್ಲಿ ನೆನೆಸಿ, ಅದರಲ್ಲೇ ತೊಳೆದು, ಬಿಲ್ಲೆ ಒತ್ತಿ, ಹದಿನೆಂಟನೆಯ ದಿನ ಕಲಬುರಗಿಗೆ ಒಯ್ದೆ. ಕರೆಂಟು ಹರಿಯಿತೆಂದು ಯಂತ್ರ ಅಂಕಿ ತೋರಿಸಿತು. ಮಾರ್ಗದರ್ಶಕರು ನಂಬದೆ ನಾಲ್ಕು ಸಲ ಅಳೆದರು.

"ಹದಿನೆಂಟ ದಿನದ ಕೆಲಸಕ್ಕ ಎರಡ ತಿಂಗಳ ಯಾಕ ಕೇಳಿದಿ ಯವ್ವಾ?"

"ಆರು ಕೇಳಿದ್ದೆರಿ ಸರ್. ಇಳಿಸಿದವರು ನೀವು."

ನೋಂದಣಿ ಉಳಿಯಿತು. ನನ್ನ ಕೆಲಸ ಕೆಡಿಸಿದ ಆ ನೀಲಿಯೇ ಮುಂದೆ ನನ್ನ ಸಂಶೋಧನೆಯಾಯಿತು. ಗಾಜಿನ ಮೇಲೆ ಅದೇ ಪಾಲಿಮರಿನ ತೆಳುಪದರ ಬಳಿದು, ನೀರಿನಲ್ಲಿ ಅದ್ದಿ, ಅದು ಯಾವ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುತ್ತೇನೆ. ಬಣ್ಣ ನೋಡಿ ನೀರಿನ ಕ್ಷಾರ ಹೇಳಬಹುದು. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಹೋದಾಗ ಚೀಲದಲ್ಲಿ ಖಾಲಿ ಬಾಟಲಿಗಳು ಇದ್ದೇ ಇರುತ್ತವೆ. ಒಂದೊಂದು ಬೋರಿನದು ಒಂದೊಂದು ಬಣ್ಣ.

ನೀವೂ ಲ್ಯಾಬಿಗೆ ಇಳಿಯುವವರಾದರೆ ಕೇಳಿ. ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ, ಮಾರ್ಗದರ್ಶಕರ ಹತ್ತಿರ ದಿನಗಳಿಗಾಗಿ ಮಾಡಿ, ಬೇಕಾದ್ದಕ್ಕಿಂತ ಮುಮ್ಮಡಿ ಕೇಳಿ. ತೊಳೆಯುವ ನೀರಿನ ಮೇಲೆ ಮಾತ್ರ ಬೇಡ. ಕೆಲಸ ಕೆಟ್ಟಾಗ ದುಬಾರಿ ಸಾಮಾನು ಬದಲಿಸುವ ಮೊದಲು ಪುಕ್ಕಟೆ ಬಂದದ್ದನ್ನು ಪರೀಕ್ಷಿಸಿ. ಕೆಟ್ಟದ್ದನ್ನು ಎಸೆಯಬೇಡಿ, ದಿನಾಂಕ ಬರೆದಿಡಿ. ಮತ್ತೆ, ನಿಮ್ಮ ಪ್ರಯೋಗವನ್ನು ಮನೆಯಲ್ಲಿ ಅಡುಗೆ ಮಾಡುವವರಿಗೆ ಒಮ್ಮೆ ಪೂರ್ತಿ ಹೇಳಿ, ಎಂಟನೆಯ ತಿಂಗಳಲ್ಲಲ್ಲ, ಮೊದಲ ವಾರದಲ್ಲೇ.